ಯಾರೂ ಒತ್ತದ ಗಂಟೆ

ಸಂಜೆ ಹಲ್ಲಕ್ಕ ಕೆಲಸದಿಂದ ಬಂದಾಗ ಅವಳ ಅಪ್ಪ ಬೀದಿಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದರು. ಒಂದು ಚಪ್ಪಲಿ ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿ.

"ನಾಲ್ಕು ಸಲ," ಎಂದರು. ಕಿವಿ ಕೇಳದವರ ದನಿ ಅದು, ಇಡೀ ಬೀದಿಗೆ ಮುಟ್ಟುವಂಥದ್ದು. "ನಾಲ್ಕು ಸಲ ಇಳಿದೆ. ನಾಲ್ಕು ಸಲಾನೂ ಇಲ್ಲಿ ನರಪಿಳ್ಳೆ ಇಲ್ಲ. ಮತ್ತೆ ಹತ್ತಿ ಮತ್ತೆ ಇಳಿಯೋ ಬದಲು ಇಲ್ಲೇ ಇರೋಣ ಅಂತ ಕೂತೆ."

ಹಲ್ಲಕ್ಕ ಎನ್ನುವುದು ಆ ಕಟ್ಟಡದವರು ಇಟ್ಟ ಹೆಸರು. ಅವಳು ಒಂದು ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುತ್ತಿದ್ದಳು. ಮೇಣದಲ್ಲಿ ವಸಡು ತಿದ್ದಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಡುವ ಕೆಲಸ. ಕೈ ಬಲು ಸೂಕ್ಷ್ಮ. ಒಮ್ಮೆ ಲ್ಯಾಬಿನ ಪಾಲಿಶ್ ಮೋಟಾರು ಕೆಟ್ಟಾಗ ಬಿಚ್ಚಿ ನೋಡಿದವಳಿಗೆ ಅಲ್ಲಿಂದ ಎಲೆಕ್ಟ್ರಾನಿಕ್ಸಿನ ಹುಚ್ಚು ಹಿಡಿಯಿತು. ಅಡುಗೆಮನೆಯ ಮೇಜಿನ ಅರ್ಧ ಭಾಗ ಬೆಸುಗೆ ಕಡ್ಡಿಗೆ, ವೈರಿನ ತುಂಡುಗಳಿಗೆ ಬಿಟ್ಟುಕೊಟ್ಟಾಗಿತ್ತು.

ಅಪ್ಪ ಮೂವತ್ತೆರಡು ವರ್ಷ ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಫಿಟ್ಟರ್ ಆಗಿದ್ದವರು. ಆ ಮಗ್ಗಗಳೇ ಅವರ ಕಿವಿ ತಿಂದಿದ್ದವು. ಕರೆಗಂಟೆ ಕೇಳದು, ಬಾಗಿಲು ಬಡಿದರೂ ಕೇಳದು. ಹಗಲಿಡೀ ಮನೆಯಲ್ಲಿ ಒಬ್ಬರೇ. ಅದಕ್ಕೇ ಹಲ್ಲಕ್ಕ ಒಂದು ಸಾಧನ ಮಾಡಿದ್ದಳು. ಸದಾ ಬೀಗ ಹಾಕಿರುವ ಬೀದಿಬಾಗಿಲಲ್ಲಿ ಗುಂಡಿ, ಅಲ್ಲಿಂದ ಎರಡು ಮಹಡಿ ಮೇಲಕ್ಕೆ ವೈರು, ಕೊನೆಗೆ ಅಪ್ಪನ ಕುರ್ಚಿಯ ಎದುರು ಕಿಟಕಿಯಲ್ಲೊಂದು ದೀಪ, ಅದನ್ನು ನಡೆಸಲು ಅವಳೇ ಪ್ರೋಗ್ರಾಮು ಬರೆದ ಒಂದು ಪುಟ್ಟ ಬೋರ್ಡು. ಗುಂಡಿ ಒತ್ತಿದರೆ ದೀಪ ಮೂರು ಸಲ ಮಿಟುಕಬೇಕು. ಮಿಟುಕುತ್ತಲೂ ಇತ್ತು. ತೊಂದರೆ ಏನೆಂದರೆ, ಯಾರೂ ಒತ್ತದಿದ್ದಾಗಲೂ ಮಿಟುಕುತ್ತಿತ್ತು.

ಅವಳು ಮಲ್ಟಿಮೀಟರ್ ಹಿಡಿದು ಇಂಚಿಂಚೂ ನೋಡಿದಳು. ವೋಲ್ಟು ಸರಿ, ವೈರು ಸರಿ, ಬೆಸುಗೆ ಸರಿ. ಎಲ್ಲ ಸರಿ ಇದ್ದೂ ದೀಪ ತಪ್ಪು. ಯಾವುದೋ ಕ್ಷಣದಲ್ಲಿ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಸಾವಿರ ಪಾಲು ಬೇಗ, ವೈರಿನಲ್ಲಿ ಏನೋ ಜಿಗಿದು ಹೋಗುತ್ತಿರಬೇಕು. ಅದನ್ನು ಮಲ್ಟಿಮೀಟರ್ ಹಿಡಿಯಲಾರದು. ಹಿಡಿಯಲು ಆಸಿಲೋಸ್ಕೋಪ್ ಬೇಕು. ವಿದ್ಯುತ್ತು ಏರಿಳಿಯುವುದನ್ನು ಗೆರೆಯಾಗಿ ಪರದೆಯ ಮೇಲೆ ಬರೆದು ತೋರಿಸುವ ಯಂತ್ರ.

ಅಲ್ಲಿಂದ ಶುರುವಾಯಿತು ಅವಳ ತಲೆನೋವು. ಊಟದ ಬಿಡುವಿನಲ್ಲಿ ಫೋನು ಹಿಡಿದು ಕೂತರೆ ಪುಟದ ಮೇಲೆ ಪುಟ. ಒಬ್ಬನ ಪ್ರಕಾರ ಅಗ್ಗದ ಸ್ಕೋಪು ಆಟಿಕೆ, ಕಸಕ್ಕೆ ಹಾಕು. ಇನ್ನೊಬ್ಬನ ಪ್ರಕಾರ ಮನೆಯಲ್ಲಿ ಮಾಡುವ ಕೆಲಸಕ್ಕೆ ಅದೇ ಹೆಚ್ಚು. ಜಾಹೀರಾತಿನಲ್ಲಿ ವೇಗ ನೂರು ಮೆಗಾಹರ್ಟ್ಸ್ ಎಂದು ಬರೆದಿದ್ದರೆ ಕೆಳಗಡೆ ಇರುವೆಯಂಥ ಅಕ್ಷರದಲ್ಲಿ ಇಪ್ಪತ್ತು. ಲ್ಯಾಬಿನ ಚೀಟಿಯ ಬೆನ್ನಿಗೆ ಹನ್ನೊಂದು ಮಾದರಿಗಳ ಪಟ್ಟಿ ಬರೆದಳು, ಒಂಬತ್ತನ್ನು ಹೊಡೆದುಹಾಕಿದಳು, ಮರುದಿನ ಅದರಲ್ಲಿ ನಾಲ್ಕನ್ನು ಮತ್ತೆ ಸೇರಿಸಿದಳು. ದೀಪದ ಸಾಧನಕ್ಕಿಂತ ಅದನ್ನು ನೋಡುವ ಯಂತ್ರಕ್ಕೇ ಹತ್ತು ಪಟ್ಟು ಬೆಲೆ. ಮೂಗಿಗಿಂತ ಮೂಗುತಿ ಭಾರ.

ಸುದ್ದಿ ಅಕ್ಕನ ಬಾಯಿಂದ ಭಾವನಿಗೆ ಮುಟ್ಟಿತು. ಭಾವನದು ಟಿವಿ ರಿಪೇರಿ ಅಂಗಡಿ. ಕೇಳದೆಯೇ ಭಾನುವಾರ ಬೆಳಿಗ್ಗೆ ಬಂದ, ಹೆಗಲ ಮೇಲೆ ಹಳೆಯ ಕಾಲದ ಒಂದು ಸ್ಕೋಪು ಹೊತ್ತುಕೊಂಡು. ಸಣ್ಣ ಟ್ರಂಕಿನಷ್ಟು ದೊಡ್ಡದು. ಎರಡು ಮಹಡಿ ಹತ್ತಿಸಿ ಅಡುಗೆಮನೆಯ ಮೇಜಿನ ಮೇಲೆ ಇಟ್ಟಾಗ ಮೇಜೇ ಕುಂಯ್ ಎಂದಿತು.

"ಇದು ಯಂತ್ರ ಅಂದ್ರೆ," ಎಂದ ಬೆವರು ಒರೆಸಿಕೊಳ್ಳುತ್ತ. "ಆ ಪ್ಲಾಸ್ಟಿಕ್ ಡಬ್ಬಿಗಳನ್ನ ನಂಬ್ಕೊಂಡು ಹಾಳಾಗಬೇಡ."

"ಭಾವ, ನಂಗೆ ಬಾಗಿಲ ಹತ್ರಾನೂ ನೋಡಬೇಕು, ಮೆಟ್ಟಿಲ ಹತ್ರಾನೂ ನೋಡಬೇಕು. ಇದನ್ನ ಹೊತ್ಕೊಂಡು ಓಡಾಡೋಕಾಗುತ್ತಾ?"

"ಎಕ್ಸ್‌ಟೆನ್ಷನ್ ಬೋರ್ಡು ಎಳ್ಕೋ."

ಅವಳು ಹಚ್ಚಿ ನೋಡಿದಳು. ಹಸಿರು ಗೆರೆ ಚೆನ್ನಾಗಿಯೇ ಮೂಡಿತು. ಆದರೆ ಆ ಯಂತ್ರಕ್ಕೆ ನೆನಪಿನ ಶಕ್ತಿ ಇರಲಿಲ್ಲ. ಒಂದೇ ಒಂದು ಸಲ ಜಿಗಿದು ಮಾಯವಾಗುವುದನ್ನು ಅದು ತೋರಿಸಿದರೂ ಅಷ್ಟೇ ಬೇಗ ಅಳಿಸಿಬಿಡುತ್ತಿತ್ತು. ಎರಡು ಗಂಟೆ ಕಣ್ಣು ಕೀಳದೆ ಕೂತಳು. ಅವಳು ನೀರು ಕುಡಿಯಲು ತಿರುಗಿದ ಗಳಿಗೆಯಲ್ಲೇ ದೀಪ ಮಿಟುಕಿತು.

"ಇದರಲ್ಲಿ ಆಗಲ್ಲ ಭಾವ, ತಗೊಂಡು ಹೋಗಿ," ಎಂದಳು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ," ಎಂದು ಭಾವ ಮುಖ ಊದಿಸಿಕೊಂಡು ಅದನ್ನು ಮತ್ತೆ ಹೊತ್ತುಕೊಂಡು ಇಳಿದ. ಸಂಜೆ ಅಕ್ಕ ಫೋನಿನಲ್ಲಿ, "ಅವರ ಬೆನ್ನು ಹಿಡ್ಕೊಂಡಿದೆ, ಗೊತ್ತಾ?" ಎಂದು ಇಪ್ಪತ್ತು ನಿಮಿಷ ಬೈದಳು.

ರೋಸಿಹೋದ ಹಲ್ಲಕ್ಕ ಪಟ್ಟಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ್ದನ್ನು ತರಿಸಿದಳು. ಅಂಗೈಯಲ್ಲಿ ಕೂರುವಂಥದ್ದು, ಬಿಸ್ಕತ್ತಿನಷ್ಟು ಪರದೆ. ಬಂದ ದಿನ ಖುಷಿಯೋ ಖುಷಿ. ವೈರಿಗೆ ಹಚ್ಚಿ ಇಟ್ಟಳು. ಗೆರೆ ನೆಟ್ಟಗೆ, ಮೇಲೂ ಇಲ್ಲ ಕೆಳಗೂ ಇಲ್ಲ. ದೀಪ ಸುಳ್ಳೇ ಮಿಟುಕಿದಾಗಲೂ ನೆಟ್ಟಗೇ ಇತ್ತು.

"ಹಾಗಾದ್ರೆ ವೈರಿನ ತಪ್ಪಲ್ಲ, ನಾನು ಬರೆದಿರೋ ಪ್ರೋಗ್ರಾಮಿನದ್ದೇ ತಪ್ಪು," ಎಂದುಕೊಂಡಳು. ಮೂರು ಭಾನುವಾರ ಕೂತು ಪ್ರೋಗ್ರಾಮನ್ನು ಮೊದಲಿಂದ ಬರೆದಳು. ದೀಪ ಮಾತ್ರ ಹಳೆಯ ಚಾಳಿ ಬಿಡಲಿಲ್ಲ.

ಅಷ್ಟರಲ್ಲಿ ಅಪ್ಪ ಮೆಟ್ಟಿಲಿಳಿಯುವುದನ್ನೇ ನಿಲ್ಲಿಸಿದ್ದರು. ದೀಪ ಮಿಟುಕಿದರೆ ಅದರ ಕಡೆ ಕೈ ಬೀಸಿ, "ಹೋಗೇ," ಎನ್ನುತ್ತಿದ್ದರು.

ಒಂದು ಬುಧವಾರ ಸಂಜೆ ಹಲ್ಲಕ್ಕ ಕೆಳಗಿನ ಟಪಾಲು ಡಬ್ಬಿಯಲ್ಲಿ ಮಡಿಸಿದ ಕಾಗದವೊಂದನ್ನು ಕಂಡಳು. ಅಪ್ಪನ ಹೆಸರಿಗಿತ್ತು. ಮೇಲೆ ತಂದು ಕೊಟ್ಟಳು. ಅಪ್ಪ ಓದಿದರು, ಕನ್ನಡಕ ತೆಗೆದರು, ಕಾಗದವನ್ನು ಅವಳ ಕೈಗೇ ಹಿಂತಿರುಗಿಸಿದರು.

"ಗಂಟೆ ಒತ್ತಿದೆ. ನಿನ್ನ ಕಿಟಕಿಯಲ್ಲಿ ದೀಪ ಹೊಳೆದದ್ದು ಬೀದಿಯಿಂದಲೇ ಕಂಡಿತು. ಪಕ್ಕದಲ್ಲಿ ನಿನ್ನ ಬೋಳು ತಲೆಯೂ ಕಂಡಿತು. ಮೂರು ಸಲ ಒತ್ತಿದೆ. ನೀನು ಏಳಲಿಲ್ಲ. ಇರಲಿ ಬಿಡು, ನಿನ್ನ ಮನಸ್ಸು ಅರ್ಥವಾಯಿತು."

ಬರೆದವರು ಉದ್ದಣ್ಣ. ಆರಡಿ ಮೇಲಿನ ಆಳು, ಗಿರಣಿಯಲ್ಲಿ ಅಪ್ಪನ ಪಕ್ಕದ ಸಾಲಿನ ಫಿಟ್ಟರ್. ಒಂದೇ ತಟ್ಟೆಯಲ್ಲಿ ಉಂಡವರು ಇಬ್ಬರೂ. ಹನ್ನೆರಡು ವರ್ಷದ ಹಿಂದೆ ಗಿರಣಿಯಲ್ಲಿ ಮುಷ್ಕರವಾದಾಗ ಅಪ್ಪ ಗೇಟಿನ ಹೊರಗೆ ನಿಂತರು; ಉದ್ದಣ್ಣ, ಹೆಂಡತಿ ಕಾಯಿಲೆ ಬಿದ್ದಿದ್ದಳೆಂದು, ಗೇಟಿನ ಒಳಗೆ ಹೋದರು. ಅಂದಿನಿಂದ ಮಾತಿಲ್ಲ ಕತೆಯಿಲ್ಲ. ಈಗ ಎರಡು ಗಂಟೆ ದಾರಿಯ ಬಸ್ಸು ಹಿಡಿದು ಉದ್ದಣ್ಣ ತಾವಾಗಿಯೇ ಬಂದಿದ್ದರು.

"ದೀಪ ನೋಡಿದೆ ಕಣೇ," ಎಂದರು ಅಪ್ಪ. ಆ ದಿನ ಮಾತ್ರ ಅವರ ದನಿ ಸಣ್ಣದಾಗಿತ್ತು. "ಹೋಗೇ ಅಂತ ಕೈ ಬೀಸಿದೆ. ಅದನ್ನೂ ನೋಡಿರ್ತಾನೆ."

ಹಲ್ಲಕ್ಕ ಆ ಮನೆಯ ನಂಬರಿಗೆ ಫೋನು ಮಾಡಿದಳು. ಉದ್ದಣ್ಣನ ಕಿವಿಯೂ ಅದೇ ಗಿರಣಿಯಲ್ಲಿ ಹೋಗಿದ್ದು, ಫೋನಿನಲ್ಲಿ ಮಾತು ಆಗದು. ಸೊಸೆ ಎತ್ತಿಕೊಂಡಳು. ಹಲ್ಲಕ್ಕ ದೀಪದ ಕತೆಯೆಲ್ಲ ಹೇಳಿದಳು. ಸೊಸೆ ಒಳಗೆ ಹೋಗಿ ಕಿರುಚಿ ಹೇಳಿದ್ದು ಇಲ್ಲಿಗೂ ಕೇಳಿಸಿತು. ವಾಪಸು ಬಂದು, "ಅಕ್ಕಾ, ಮಾವ ನಂಬ್ತಿಲ್ಲ. ತಾನಾಗೇ ಉರಿಯೋ ದೀಪ ಯಾವ ಲೋಕದಲ್ಲಿದೆ ಅಂತಾರೆ," ಎಂದಳು.

ಫೋನಿಟ್ಟವಳಿಗೆ ಮೈಯೆಲ್ಲ ಉರಿ. ಅಪ್ಪನ ಮೇಲಲ್ಲ, ಉದ್ದಣ್ಣನ ಮೇಲೂ ಅಲ್ಲ. ಮೇಜಿನ ಮೇಲೆ ನೆಟ್ಟಗೆ ಗೆರೆ ಎಳೆದುಕೊಂಡು ಕೂತಿದ್ದ ಆ ಬಿಸ್ಕತ್ತಿನ ಮೇಲೆ. ಇದು ನಿಜ ಹೇಳುತ್ತಿದೆಯೋ ಇಲ್ಲವೋ ಎಂದು ತಾನು ಒಂದು ಸಲವಾದರೂ ಪರೀಕ್ಷೆ ಮಾಡಿದೆನೇ? ಬೇರೊಂದು ಪುಟ್ಟ ಬೋರ್ಡು ತೆಗೆದು, ಗುಂಡಿ ಒತ್ತಿದಾಗಲೆಲ್ಲ ಒಂದೇ ಒಂದು ಚಿಕ್ಕ ಜಿಗಿತ ಕೊಡುವಂತೆ ಬರೆದಳು. ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲಿ ಎರಡು ಚೂರಿನಷ್ಟು ಉದ್ದದ್ದು. ಅದನ್ನು ಸ್ಕೋಪಿಗೆ ಹಚ್ಚಿ ಗುಂಡಿ ಒತ್ತಿದಳು. ಗೆರೆ ನೆಟ್ಟಗೆ. ಹತ್ತು ಸಲ ಒತ್ತಿದಳು. ಹತ್ತು ಸಲವೂ ನೆಟ್ಟಗೆ.

ಕುರುಡನನ್ನು ಕಾವಲಿಗಿಟ್ಟು ಕಳ್ಳ ಬರಲೇ ಇಲ್ಲ ಎಂದು ಮೂರು ವಾರ ನಂಬಿದ್ದಳು ಅವಳು.

ಶನಿವಾರ ಅರ್ಧ ದಿನ ರಜೆ ಹಾಕಿ ಆ ಪುಟ್ಟ ಬೋರ್ಡನ್ನು ಚೀಲದಲ್ಲಿಟ್ಟುಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದಳು. ಉದ್ದಕ್ಕೆ ಕಿರಿದಾದ ಅಂಗಡಿ, ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರುಗಳು. ಅಂಗಡಿಯವನು ಮೊದಲಿಗೇ ಬಣ್ಣಬಣ್ಣದ ಪರದೆಯದೊಂದನ್ನು ಮುಂದಿಟ್ಟ.

"ಇದು ತಗೊಳ್ಳಿ ಮೇಡಂ, ಈಗ ಎಲ್ಲಾರೂ ಇದನ್ನೇ ತಗೊಳ್ತಿರೋದು. ನೂರು ಮೆಗಾಹರ್ಟ್ಸ್."

"ಇದನ್ನ ಇಲ್ಲೇ ಹಚ್ಚಿ ನೋಡಬಹುದಾ?"

"ಪ್ಯಾಕ್ ಬಿಚ್ಚಂಗಿಲ್ಲ."

"ಗಾಜಿನ ಕೆಳಗೆ ಒಂದು ಬಿಚ್ಚಿದ್ದು ಇದೆಯಲ್ಲ."

"ಅದು ನೋಡೋಕಿಟ್ಟಿರೋದು."

"ನಾನೂ ನೋಡೋಕೇ ಕೇಳ್ತಿರೋದು."

ಅಂಗಡಿಯವನ ಹುಬ್ಬು ಗಂಟಾಯಿತು. "ಮೇಡಂ, ಮನೇಲಿ ಯಾರಿಗೆ ಬೇಕೋ ಅವರನ್ನೇ ಕರ್ಕೊಂಡು ಬನ್ನಿ. ಅವರಿಗೆ ಅರ್ಥ ಆಗುತ್ತೆ."

ಹಲ್ಲಕ್ಕ ಚೀಲದಿಂದ ಬೋರ್ಡು ತೆಗೆದು ಗಾಜಿನ ಮೇಲೆ ಇಟ್ಟಳು. "ನಂಗೇ ಬೇಕಿರೋದು. ಇದರ ಗುಂಡಿ ಒತ್ತಿದ್ರೆ ಒಂದು ಜಿಗಿತ ಬರುತ್ತೆ. ಐದು ಸಲ ಒತ್ತೀನಿ. ಐದು ಸಲಾನೂ ಹಿಡಿದು ನಿಲ್ಲಿಸಿ ತೋರಿಸೋದು ಯಾವುದೋ ಅದನ್ನ ತಗೊಂಡು ಹೋಗ್ತೀನಿ. ಅಲ್ಲೀವರೆಗೂ ಹೋಗಲ್ಲ."

ಫ್ಯೂಸು ಕೊಳ್ಳಲು ಪಕ್ಕದಲ್ಲಿ ನಿಂತಿದ್ದ ಗಡ್ಡದ ಮನುಷ್ಯನೊಬ್ಬ ನಕ್ಕ. ಲಿಫ್ಟು ರಿಪೇರಿಯವನು, ಅಂಗಿಯ ಜೇಬಿನ ಮೇಲೆ ಹಾಗೆಂದು ಹೊಲಿದಿತ್ತು. "ತೆಗೆದು ತೋರಿಸಪ್ಪ," ಎಂದ ಅಂಗಡಿಯವನಿಗೆ. "ಸೀರೆ ಅಂಗಡೀಲಿ ನೂರು ಸೀರೆ ಬಿಚ್ಚಿ ಹಾಕ್ತಾರೆ, ನೀನು ಮೂರು ಡಬ್ಬಿ ಬಿಚ್ಚೋಕೆ ಅಳ್ತೀಯಾ?"

ಬಣ್ಣದ ಪರದೆಯದು ಐದರಲ್ಲಿ ಎರಡು ಸಲ ಹಿಡಿಯಿತು. ಮೂರು ಸಲ ಏನೂ ಆಗಿಲ್ಲವೆಂಬಂತೆ ಸುಮ್ಮನಿತ್ತು. ಎರಡನೆಯದರಲ್ಲಿ ಆಟಗಳೂ ಗಡಿಯಾರವೂ ಇದ್ದವು. ಒಂದೇ ಸಲಕ್ಕೆ ಹಿಡಿದು ನಿಲ್ಲುವ ಏರ್ಪಾಡೇ ಇರಲಿಲ್ಲ. ಲಿಫ್ಟಿನವನು ಗಾಜಿನ ಹಿಂದೆ ಮೂಲೆಯಲ್ಲಿದ್ದ ಬೂದು ಬಣ್ಣದ್ದೊಂದನ್ನು ಬೆರಳು ಮಾಡಿ ತೋರಿಸಿದ. "ಅದನ್ನ ನೋಡಿ. ಮೀಟರೂ ಹೌದು, ಸ್ಕೋಪೂ ಹೌದು. ಬರೀ ಹತ್ತು ಮೆಗಾಹರ್ಟ್ಸ್ ಅಂತ ಬರೆದಿದ್ದಾನೆ, ಆದ್ರೆ ಬರೆದಷ್ಟು ಕೊಡ್ತಾನೆ. ನಂದು ಎರಡು ಸಲ ಲಿಫ್ಟಿನ ಕೆಳಗಿನ ಹಳ್ಳಕ್ಕೆ ಬಿದ್ದಿದೆ, ಇನ್ನೂ ಬದುಕಿದೆ."

ಇಟ್ಟಿಗೆಯಂಥ ರೂಪ. ಪರದೆ ಮಂಕು. ಗುಂಡಿಗಳು ಒತ್ತಿದರೆ ಟಕ್ ಟಕ್ ಎನ್ನುವ ರಬ್ಬರಿನವು. ಹಲ್ಲಕ್ಕ ಗುಂಡಿ ಒತ್ತಿದಳು. ಗೆರೆಯ ನಡುವೆ ಕಡ್ಡಿಯಂಥ ಏರೊಂದು ಮೂಡಿ ಹಾಗೇ ನಿಂತಿತು. ಎರಡು. ಮೂರು. ನಾಲ್ಕು. ಐದನೆಯ ಸಲ ಅಂಗಡಿಯವನೂ ಬಗ್ಗಿ ನೋಡಿದ.

"ಇದಕ್ಕೆ ಚೀಲ ಬರಲ್ಲ," ಎಂದ, ಸೋತವನ ಹಾಗೆ.

ಮರುದಿನ ಬೆಳಿಗ್ಗೆ ಅವಳು ಬೂದು ಇಟ್ಟಿಗೆಯನ್ನು ದೀಪದ ಬೋರ್ಡಿಗೆ, ವೈರು ಬಂದು ಸೇರುವಲ್ಲಿಗೆ, ಹಚ್ಚಿದಳು. ಏನಾದರೂ ಜಿಗಿದರೆ ಹಿಡಿದು ನಿಲ್ಲು ಎಂದು ಹೇಳಿ ಕೂತಳು. ಅಪ್ಪ ಕುರ್ಚಿ ಎಳೆದುಕೊಂಡು ಎದುರು ಕೂತರು. ಈಚೆಗೆ ಅವರಿಗೂ ಇದು ಹಟವಾಗಿಬಿಟ್ಟಿತ್ತು. ಅರ್ಧ ಗಂಟೆ ಕಳೆಯಿತು. ಅವಳು ಕಾಫಿ ಬಿಸಿ ಮಾಡಲು ಎದ್ದಾಗ ಅಪ್ಪ ಮೇಜು ಗುದ್ದಿದರು.

ಪರದೆಯಲ್ಲಿ ಗೆರೆ ಮುರಿದಿತ್ತು. ನೆಟ್ಟಗೆ ಬಂದು, ಸರ್ರನೆ ಕೆಳಗೆ ಬಿದ್ದು, ನಾಲ್ಕೈದು ಸಲ ನಡುಗಿ, ಮತ್ತೆ ನೆಟ್ಟಗಾಗಿತ್ತು. ದೀಪ ಮಾತ್ರ ಮಿಟುಕಿರಲಿಲ್ಲ. ಕಾಲು ಗಂಟೆಯ ಬಳಿಕ ಇನ್ನೊಂದು ಬಂತು, ಸ್ವಲ್ಪ ದೊಡ್ಡದು. ಈ ಸಲ ದೀಪವೂ ಮಿಟುಕಿತು.

ಅಪ್ಪ ಪರದೆಗೆ ಮೂಗು ತಾಗಿಸಿ ನೋಡಿದರು. "ಮಗ್ಗದಲ್ಲಿ ಲಾಳಿ ಹೊಡೆದಾಗ ನೂಲು ಹೀಗೇ ಜಗ್ಗೋದು," ಎಂದರು. "ಎಲ್ಲಾ ಹೊಡೆತಕ್ಕೂ ಜಗ್ಗುತ್ತೆ. ಎಲ್ಲೋ ಒಂದಕ್ಕೆ ಮಾತ್ರ ಹರಿಯುತ್ತೆ. ಎಲ್ಲಿಂದ ಹೊಡೆತ ಬೀಳ್ತಿದೆ ನೋಡು."

ಹೊಡೆತ ಎಲ್ಲಿಂದ? ಹಲ್ಲಕ್ಕ ಇಟ್ಟಿಗೆಯನ್ನು ಕೈಯಲ್ಲೇ ಹಿಡಿದು ವೈರಿನ ಜಾಡು ಹಿಡಿದು ಇಳಿದಳು. ಹಿಂದೆ ಅಪ್ಪ. ಮೊದಲ ಮಹಡಿಯಲ್ಲಿ ಹಚ್ಚಿ ಕಾದರು, ಇನ್ನೂ ದೊಡ್ಡ ಜಿಗಿತ. ಮೆಟ್ಟಿಲ ಬುಡದಲ್ಲಿ ಹಚ್ಚಿ ಕಾದರು. ಅಲ್ಲಿ ಗೂಡಿನಂಥ ಜಾಗದಲ್ಲಿ ನೀರಿನ ಪಂಪಿತ್ತು, ಮೇಲಿನ ಟ್ಯಾಂಕು ಖಾಲಿಯಾದರೆ ತಾನಾಗಿ ಶುರುವಾಗುವಂಥದ್ದು. ಎರಡನೆಯ ಮಹಡಿಗೆ ಅದರ ಸದ್ದು ಕೇಳುತ್ತಲೇ ಇರಲಿಲ್ಲ. ಪಂಪು ಗುರ್ ಎಂದು ಎದ್ದ ಕ್ಷಣವೇ ಪರದೆಯ ಗೆರೆ ಮೇಲಿಂದ ಕೆಳಗೆ ಸೀಳಿತು. ಗಂಟೆಯ ವೈರನ್ನು ಎಳೆದ ದಿನ ಕೆಲಸ ಉಳಿಯಲೆಂದು ಪಂಪಿನ ವೈರು ಹೋಗಿದ್ದ ಪೈಪಿನಲ್ಲೇ ತೂರಿಸಿದ್ದಳು. ಬೇರೆ ಯಾರೂ ಅಲ್ಲ, ಅವಳೇ.

"ಥೂ ನನ್ನ!" ಎಂದು ಹಣೆ ಚಚ್ಚಿಕೊಂಡಳು.

ಅಪ್ಪನಿಗೆ ಮಾತ್ರ ಆ ದಿನ ಹಬ್ಬ. ಪಂಪಿನ ಸ್ವಿಚ್ಚು ಹಾಕುವುದು, ಪರದೆ ನೋಡುವುದು, ಆರಿಸುವುದು, ನೋಡುವುದು. ಹನ್ನೊಂದನೆಯ ಸಲಕ್ಕೆ ನೆಲಮಹಡಿಯ ದರ್ಜಿ ಹೊರಗೆ ಬಂದು, "ಸ್ವಾಮೀ, ನಮ್ಮನೆ ನಲ್ಲೀಲಿ ನೀರು ಬಿಕ್ಕಳಿಸ್ತಾ ಇದೆ!" ಎಂದು ಕೂಗಿದ. ಅಪ್ಪನಿಗೆ ಅದು ಕೇಳಲಿಲ್ಲ.

ರಿಪೇರಿ ಹತ್ತು ನಿಮಿಷದ್ದು. ವೈರು ಬೋರ್ಡಿಗೆ ಸೇರುವಲ್ಲಿ, ಆ ಜಿಗಿತ ನುಂಗಲು, ಕಡಲೆಕಾಳಿನಷ್ಟು ಒಂದು ಕೆಪಾಸಿಟರ್, ಅಕ್ಕಿಕಾಳಿನಷ್ಟು ಒಂದು ರೆಸಿಸ್ಟರ್. ಗುಂಡಿಯನ್ನು ನಿಜವಾಗಿ ಒಂದು ಗಳಿಗೆ ಒತ್ತಿ ಹಿಡಿದರೆ ಮಾತ್ರ ನಂಬು ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು. ಆಮೇಲೆ ಪಂಪು ಎಷ್ಟು ಹಾರಾಡಿದರೂ ದೀಪ ಮಿಸುಕಲಿಲ್ಲ.

ಭಾವನಿಗೆ ಹೇಳಿದಾಗ ಅವನು ಫೋನಿನಲ್ಲೇ ಗಹಗಹಿಸಿ ನಕ್ಕ. "ಬೆಟ್ಟ ಅಗೆದು ಇಲಿ ಹಿಡಿದೆ ಅನ್ನು! ಕೇಳಿದ್ದಿದ್ರೆ ನಾನು ಕಣ್ಣು ಮುಚ್ಕೊಂಡು ಒಂದು ಕೆಪಾಸಿಟರ್ ಹಾಕು ಅಂತಿದ್ದೆ."

"ನೀವು ಅಂದಿದ್ದು ಎಕ್ಸ್‌ಟೆನ್ಷನ್ ಬೋರ್ಡು ಎಳ್ಕೋ ಅಂತ," ಎಂದು ಅವಳು ಫೋನಿಟ್ಟಳು. ಆದರೆ ಮಾತು ಚುಚ್ಚಿತು. ಚುಚ್ಚಿದ್ದು ಅದರಲ್ಲಿ ನಿಜ ಇದ್ದುದಕ್ಕೆ.

ಮುಂದಿನ ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದರು. ಬೂದು ಇಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟಾಗಿತ್ತು.

"ನಡಿ, ಉದ್ದನ ಮನೆಗೆ. ಬಾಯಲ್ಲಿ ಹೇಳಿದ್ರೆ ನಂಬಲ್ಲ ಅವನು. ಗೆರೆ ತೋರಿಸೋಣ. ನೀನು ಅದರಲ್ಲಿ ಇಟ್ಕೊಂಡಿದ್ದೀಯಲ್ಲ?"

ಹೌದು, ಆ ಜಿಗಿತದ ಚಿತ್ರ ಯಂತ್ರದೊಳಗೆ ಉಳಿಸಿಟ್ಟಿದ್ದಳು. ಬಸ್ಸಿನಲ್ಲಿ ಎರಡು ಗಂಟೆ ಅಪ್ಪ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ.

ಉದ್ದಣ್ಣ ಬಾಗಿಲು ತೆಗೆದರು. ಮುದಿತನ ಆತನನ್ನು ಒಂದು ಗೇಣು ಕುಗ್ಗಿಸಿತ್ತು. ಬಾಗಿಲಿಗೆ ಅಡ್ಡವಾಗಿಯೇ ನಿಂತರು. ಅಪ್ಪ ಅವಸರದಿಂದ ಟವೆಲು ಬಿಚ್ಚಿ ಯಂತ್ರವನ್ನು ಮಗಳ ಕೈಗೆ ಕೊಟ್ಟರು. ಅವಳು ಗುಂಡಿ ಒತ್ತಿದಳು. ಪರದೆ ಕಪ್ಪಗಿತ್ತು. ಇನ್ನೊಮ್ಮೆ ಒತ್ತಿದಳು. ಬ್ಯಾಟರಿಯ ಗುರುತೊಂದು ಕೆಂಪಗೆ ಮಿನುಗಿ ಆರಿತು. ಬಸ್ಸಿನ ಕುಲುಕಾಟದಲ್ಲಿ ಆನ್ ಗುಂಡಿ ಅದೆಷ್ಟು ಸಲ ಒತ್ತಿಹೋಗಿತ್ತೋ. ಚಾರ್ಜಿನ ವೈರು ಅಡುಗೆಮನೆಯ ಮೇಜಿನ ಮೇಲಿತ್ತು.

ಇಷ್ಟೆಲ್ಲ ಆದ ಮೇಲೆ ಇದು. ಆ ಇಟ್ಟಿಗೆಯನ್ನು ಅಲ್ಲೇ ಮೆಟ್ಟಿಲ ಮೇಲೆ ಕುಕ್ಕಿಬಿಡಬೇಕು ಎನ್ನಿಸಿತು ಅವಳಿಗೆ.

"ಏನದು?" ಎಂದು ಉದ್ದಣ್ಣ ಗಟ್ಟಿಯಾಗಿ ಕೇಳಿದರು.

"ಪಂಪು!" ಎಂದು ಅಪ್ಪ ಅದಕ್ಕಿಂತ ಗಟ್ಟಿಯಾಗಿ ಕೂಗಿದರು.

"ಯಾರು ಸತ್ರು?"

"ಸತ್ತಿಲ್ಲ ಕಣೋ! ನೀರಿನ ಪಂಪು! ಅದು ದೀಪಾನ ಕೆಡಿಸ್ತಿತ್ತು! ಲಾಳಿ ಹೊಡೆತಕ್ಕೆ ನೂಲು ಹರಿಯೋದಿಲ್ವಾ, ಹಾಗೆ!" ಎಂದು ಅಪ್ಪ ಎರಡೂ ಕೈ ಎತ್ತಿ ಗಾಳಿಯಲ್ಲಿ ಗೆರೆ ಎಳೆದರು. ನೆಟ್ಟಗೆ ಎಳೆದು, ಸರ್ರನೆ ಕೆಳಗಿಳಿಸಿ, ಬೆರಳು ನಡುಗಿಸಿ, ಮತ್ತೆ ನೆಟ್ಟಗೆ. "ದಿನಕ್ಕೆ ನಾಲ್ಕು ಸಲ ಸುಳ್ಳು! ನಾನು ಇಳಿದೂ ಇಳಿದೂ ಸಾಕಾಗಿ ಕೂತುಬಿಟ್ಟೆ. ನೀನು ಬಂದಾಗಲೇ ಅದು ನಿಜ ಹೇಳಿದ್ದು. ನಂಗೇನು ಗೊತ್ತು?"

ಉದ್ದಣ್ಣ ಆ ಕೈಗಳನ್ನೇ ನೋಡುತ್ತಿದ್ದರು. ಆತನಿಗೆ ಎಷ್ಟು ಕೇಳಿಸಿತೋ, ಎಷ್ಟು ಅರ್ಥವಾಯಿತೋ ಹಲ್ಲಕ್ಕನಿಗೆ ತಿಳಿಯಲಿಲ್ಲ.

"ನಾಲ್ಕು ಸಲ ಇಳಿದೆಯಾ? ಎರಡು ಮಹಡಿ? ಈ ಮಂಡೀಲಿ?"

"ಇಳಿದೆ!"

"ನನ್ನ ಸಲ ಇಳೀಲಿಲ್ಲ."

"ಇಳೀಲಿಲ್ಲ. ತಪ್ಪಾಯ್ತು."

ಉದ್ದಣ್ಣ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಒಳಗೆ ಹೋಗಿ ಕೂತು ಐದು ನಿಮಿಷವಾಗಿರಲಿಲ್ಲ, ಮುದುಕರಿಬ್ಬರೂ ಮುಷ್ಕರದ ವಿಷಯ ಎತ್ತಿಕೊಂಡು ಕಿರುಚಾಟಕ್ಕೆ ನಿಂತರು. ಗೇಟಿನ ಒಳಗೆ ಯಾರು ಹೋದರು, ಏಕೆ ಹೋದರು, ಆಸ್ಪತ್ರೆಗೆ ಆಗ ಯಾರು ಬರಲಿಲ್ಲ. ಜಗಳವೋ ಸಂಧಾನವೋ ಹೇಳಲಾಗದು. ಸೊಸೆ ಬಂದು, ನೆರೆಮನೆಯವರು ಏನೆಂದುಕೊಳ್ಳುತ್ತಾರೋ ಎಂದು ಕಿಟಕಿ ಮುಚ್ಚಿದಳು.

ಹಲ್ಲಕ್ಕ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಸತ್ತ ಇಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ನಿಮ್ಮನೇಲಿ ಇದಕ್ಕೆ ಆಗೋ ಚಾರ್ಜರ್ ಇದೆಯೇನಮ್ಮಾ?" ಎಂದು ಸೊಸೆಯನ್ನು ಕೇಳಿದಳು. ಸೊಸೆ ಮೂರು ವೈರು ತಂದುಕೊಟ್ಟಳು. ಮೂರರಲ್ಲಿ ಒಂದೂ ಆ ತೂತಿಗೆ ಹೋಗಲಿಲ್ಲ.